ಟಿಕೆಟ್ ಹಂಚೋ ಹಿರಿಯರಿಗೆ ಮಂಡ್ಯದ ಓಟರ್ ಒಬ್ಬನ ಬಹಿರಂಗ ಪತ್ರ

ಎಲ್ಲ ಪಕ್ಷದ ರಾಜ್ಯಾಧ್ಯಕ್ಷರಿಗೆ, ಕೋರ್ ಕಮಿಟಿ ಮೀಟಿಂಗಲ್ಲಿ ಕೂತು ಯಾವ ಕ್ಷೇತ್ರಕ್ಕೆ ಯಾರು ಅಂತ ಪಟ್ಟಿ ಬರೆಯೋ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯವನು. ಕೆಲಸ ಬೆಂಗಳೂರಲ್ಲಿ, ಓಟು ಮಾತ್ರ ಇನ್ನೂ ಊರಲ್ಲೇ ಇದೆ, ಬೆಂಗಳೂರಿಗೆ ಬದಲಾಯಿಸ್ಕೋ ಅಂತ ಎಷ್ಟೋ ಜನ ಹೇಳಿದ್ರೂ ಮನಸ್ಸಾಗಿಲ್ಲ. ಪ್ರತಿ ಎಲೆಕ್ಷನ್ ಹಿಂದಿನ ರಾತ್ರಿ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ನೂಕಾಡ್ಕೊಂಡು ಬಸ್ ಹತ್ತಿ, ಸೀಟ್ ಸಿಗ್ದೆ ನಿಂತ್ಕೊಂಡೇ ಊರಿಗೆ ಹೋಗಿ ಓಟ್ ಹಾಕಿ ವಾಪಸ್ ಬರೋ ಸಾವಿರಾರು ಜನರಲ್ಲಿ ನಾನೂ ಒಬ್ಬ.

ರಿಸಲ್ಟ್ ದಿನ ಸೋತ ಪಾರ್ಟಿಯವರು ಟಿವಿ ಮುಂದೆ ಏನ್ ಹೇಳ್ತಾರೆ ಅಂತ ನನಗೆ ಬಾಯಿಪಾಠ ಆಗೋಗಿದೆ. ಜನ ದುಡ್ಡಿಗೆ ಮರುಳಾದ್ರು, ಜಾತಿ ನೋಡಿದ್ರು, ಒಳ ಒಪ್ಪಂದ ಆಯ್ತು, ನಮ್ಮವರೇ ಬೆನ್ನಿಗೆ ಚೂರಿ ಹಾಕಿದ್ರು. ಗೆದ್ದೋರದ್ದು ಒಂದೇ ಮಾತು, ಜನ ನಮ್ಮ ಮೇಲೆ ಪ್ರೀತಿ ಇಟ್ಟು ಆಶೀರ್ವಾದ ಮಾಡಿದ್ದಾರೆ. ಎರಡೂ ಕಡೆಯವರು ಒಂದು ವಿಷಯ ಬಿಟ್ಟೇಬಿಡ್ತೀರ. ನಮ್ಮಲ್ಲಿ ಬಹಳ ಜನ ಯಾರನ್ನೋ ಗೆಲ್ಲಿಸ್ಬೇಕು ಅಂತ ಬೂತಿಗೆ ಹೋಗಲ್ಲ, ಇಂಥವರು ಈ ಸಲ ಗೆಲ್ಲಬಾರದು ಅಂತ ಹೋಗ್ತೀವಿ. ಆ ಮನಸ್ಸು ಎಲ್ಲಿ ಹುಟ್ಟುತ್ತೆ, ಹೇಗೆ ಬೆಳೆಯುತ್ತೆ ಅಂತ ನಾನು ನಮ್ಮ ಮನೇಲೇ ಕಣ್ಣಾರೆ ನೋಡಿದ್ದೀನಿ, ಅದನ್ನ ನಿಮಗೆ ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು.

2019ರ ಲೋಕಸಭಾ ಎಲೆಕ್ಷನ್, ನಮ್ಮ ಮಂಡ್ಯ. ಅಂಕಿ ಅಂಶದ ಪ್ರಕಾರ ಅದು ಎಲೆಕ್ಷನ್ನೇ ಆಗಬಾರದಿತ್ತು. ಕ್ಷೇತ್ರಕ್ಕೆ ಸೇರಿದ ಎಂಟಕ್ಕೆ ಎಂಟೂ ವಿಧಾನಸಭಾ ಸೀಟಲ್ಲಿ ಜೆಡಿಎಸ್ ಶಾಸಕರು. ಮುಖ್ಯಮಂತ್ರಿ ಅವರದ್ದೇ ಪಕ್ಷದ ಕುಮಾರಸ್ವಾಮಿಯವರು, ಕ್ಯಾಂಡಿಡೇಟ್ ಅವರ ಮಗ ನಿಖಿಲ್. ಕಾಂಗ್ರೆಸ್ ಜೊತೆ ಮೈತ್ರಿ ಬೇರೆ. ಅದಕ್ಕೂ ಬರೀ ಐದಾರು ತಿಂಗಳು ಮುಂಚೆ, 2018ರ ನವೆಂಬರಲ್ಲಿ, ಇದೇ ಕ್ಷೇತ್ರದ ಬೈ ಎಲೆಕ್ಷನ್ನಲ್ಲಿ ಜೆಡಿಎಸ್ ಕ್ಯಾಂಡಿಡೇಟ್ 3 ಲಕ್ಷದ 24 ಸಾವಿರ ಓಟಿನ ಅಂತರದಲ್ಲಿ ಗೆದ್ದಿದ್ರು. ಸಾಲ ಮನ್ನಾ ಕೂಡ 2018ರ ಬಜೆಟ್ಟಲ್ಲೇ ಘೋಷಣೆ ಆಗಿತ್ತು, 34 ಸಾವಿರ ಕೋಟಿ. ಇಷ್ಟೆಲ್ಲ ಇದ್ದು 2019ರ ಮೇ 23ಕ್ಕೆ ಪೆಟ್ಟಿಗೆ ತೆಗೆದಾಗ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್ 1,25,876 ಓಟಲ್ಲಿ ಗೆದ್ದಿದ್ರು. ಅವರಿಗೆ ಬಿಜೆಪಿ ಸಪೋರ್ಟ್ ಇತ್ತು ನಿಜ, ಆದ್ರೆ ಮಂಡ್ಯದಲ್ಲಿ ಆವಾಗ ಬಿಜೆಪಿಗೆ ಎಷ್ಟು ಬಲ ಇತ್ತು ಅಂತ ನಿಮಗೇ ಗೊತ್ತು. ಅಂದ್ರೆ ಆ ಓಟುಗಳು ಬೇರೆ ಎಲ್ಲಿಂದಲೂ ಬರ್ಲಿಲ್ಲ, ನವೆಂಬರಲ್ಲಿ ಜೆಡಿಎಸ್‌ಗೆ ಒತ್ತಿದ ಬೆರಳುಗಳೇ ಏಪ್ರಿಲಲ್ಲಿ ಸುಮಲತಾ ಅವರ ಕಹಳೆ ಊದೋ ರೈತನ ಗುರುತಿಗೆ ಒತ್ತಿದ್ವು.

ಆ ವರ್ಷ ಯುಗಾದಿ ಏಪ್ರಿಲ್ 6ಕ್ಕೆ ಬಂದಿತ್ತು, ಓಟು 18ಕ್ಕೆ. ಹೊಸತೊಡಕಿನ ದಿನ ನಮ್ಮ ದೊಡ್ಡಪ್ಪನ ಮನೇಲಿ ಎಲ್ಲರೂ ಸೇರಿದ್ವಿ, ಬಾಡೂಟ ಮುಗಿಸಿ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾಗ ಮಾತು ಎಲೆಕ್ಷನ್ ಕಡೆ ತಿರುಗಿತು. ದೊಡ್ಡಪ್ಪ ಅಂದ್ರೆ ಹುಟ್ಟಿದಾಗಿಂದ ದೇವೇಗೌಡರ ಕಡೆ, ಮನೇಲಿ ಗೌಡರ ಫೋಟೋ ಇಟ್ಟವರು, 1996ರಲ್ಲಿ ಅವರು ಪ್ರಧಾನಿ ಆದಾಗ ಊರಿಗೆಲ್ಲ ಸಿಹಿ ಹಂಚಿದವರು. ನಾನು ಸುಮ್ನೆ ಕೇಳ್ದೆ, ದೊಡ್ಡಪ್ಪ ನಿಮ್ದು ಎಂದಿನಂತೆ ತಾನೆ ಅಂತ. ಅವರು ಎಲೆ ಉಗಿದು ಬಂದು ಕೂತು ಹೇಳಿದ್ದು ಇಷ್ಟು, "ನಮ್ ಓಟು ಆಗ್ಲೇ ಅವ್ರ ಪೆಟ್ಗೇಲಿ ಅದೆ ಅನ್ಕಂಡವ್ರೆ ಕಲಾ. ಒಂದ್ ಮಾತು ಕೇಳುದ್ರಾ ನಮ್ಮುನ್ನ? ತುಮ್ಕೂರ್ಗೆ ಅಪ್ಪ, ಹಾಸನುಕ್ಕೆ ಒಬ್ಬ ಮೊಮ್ಮಗ, ಮಂಡ್ಯುಕ್ಕೆ ಇನ್ನೊಬ್ಬ ಮೊಮ್ಮಗ. ಇಷ್ಟ್ ವರ್ಸ ಬಾವುಟ ಹಿಡ್ದೋನ್ ಮಕ್ಳಲ್ಲಿ ಒಬ್ರೂ ಕಾಣ್ನಿಲ್ವಾ?"

ಸಿಟ್ಟಲ್ಲಿ ಹೇಳಿದ್ರೆ ಬೇರೆ, ಅವರು ಬೇಜಾರಲ್ಲಿ ಹೇಳಿದ್ರು. ಅದು ನನಗೆ ಇವತ್ತಿಗೂ ನೆನಪಿದೆ. ಸಾಲ ಮನ್ನಾ ಆಯ್ತಲ್ಲ ದೊಡ್ಡಪ್ಪ ಅಂದೆ. ಆಯ್ತು, ಅದುಕ್ಕೆ ಕೈ ಮುಗಿತೀನಿ, ಆದ್ರೆ ಅದು ಬೇರೆ ಇದು ಬೇರೆ ಅಂದ್ರು.

ಇಷ್ಟೊತ್ತಿಗೆ ಒಳಗಿಂದ ದೊಡ್ಡವ್ವ ಬಂದ್ರು. ನಲವತ್ತು ವರ್ಷ ದೊಡ್ಡಪ್ಪ ಹೇಳಿದ ಗುರುತಿಗೇ ಓಟ್ ಹಾಕಿದ ಹೆಂಗಸು ಅವರು. ಅಂಬರೀಶ್ ತೀರ್ಕೊಂಡಿದ್ದು 2018ರ ನವೆಂಬರ್ 24ಕ್ಕೆ. ಮಾರ್ಚಲ್ಲಿ ಸುಮಲತಾ ಅವರು ನಿಲ್ತೀನಿ ಅಂದಾಗ, ಗಂಡ ಹೋಗಿ ಇನ್ನೂ ಎಷ್ಟು ದಿನ ಆಯ್ತು ಆಗ್ಲೇ ರಾಜಕೀಯ ಬೇಕಿತ್ತಾ ಅನ್ನೋ ಅರ್ಥದಲ್ಲಿ ಆಡಳಿತ ಕಡೆಯವರಿಂದ ಒಂದು ಮಾತು ಬಂತು, ಟಿವಿಲಿ ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದ್ರು. ದೊಡ್ಡವ್ವ ಆ ಮಾತು ಕೇಳಿಸ್ಕೊಂಡಿದ್ರು. "ತಾಳಿ ಕಳ್ಕಂಡೋಳ್ನ ಹಿಂಗಾ ಆಡ್ಕಳದು? ಮನೇಲಿ ಕೂತು ಅಳ್ಬೇಕಿತ್ತಾ ಅವ್ಳು?" ಅಂದು ಒಳಗೆ ಹೋದ್ರು. ಅವರ ತಂಗಿ ಇಪ್ಪತ್ತೆಂಟನೇ ವಯಸ್ಸಿಗೇ ಗಂಡನ್ನ ಕಳ್ಕೊಂಡು, ಕಬ್ಬಿನ ಗದ್ದೆಲಿ ಕೂಲಿ ಮಾಡಿ ಎರಡು ಮಕ್ಕಳನ್ನ ಓದಿಸಿದವರು, ಹೊರಗೆ ಕಾಲಿಟ್ಟಾಗ ಊರವರು ಏನೇನ್ ಮಾತಾಡಿದ್ರು ಅಂತ ದೊಡ್ಡವ್ವನಿಗೆ ಗೊತ್ತು. ಟಿವಿಲಿ ಆ ಮಾತು ಆಡಿದವರು ಎದುರಾಳಿ ಕ್ಯಾಂಡಿಡೇಟ್ ಬಗ್ಗೆ ಆಡಿದ್ದೀವಿ ಅಂದ್ಕೊಂಡಿರ್ತಾರೆ, ಆದ್ರೆ ನಮ್ಮ ಮನೆ ಅಡಿಗೆ ಕೋಣೇಲಿ ಅದು ದೊಡ್ಡವ್ವನ ತಂಗಿಗೇ ಆಡಿದಂಗೆ ಕೇಳಿಸ್ತು.

ಇನ್ನು ದೊಡ್ಡಪ್ಪನ ಮಗ. ಅಂಬರೀಶ್ ಫ್ಯಾನು, ಅವರ ಪಾರ್ಥಿವ ಶರೀರ ಮಂಡ್ಯ ಸ್ಟೇಡಿಯಂಗೆ ತಂದಾಗ ರಾತ್ರಿಯೆಲ್ಲ ಕ್ಯೂನಲ್ಲಿ ನಿಂತಿದ್ದ, ಜೋಡೆತ್ತು ಅಂತ ದರ್ಶನ್ ಯಶ್ ಪ್ರಚಾರಕ್ಕೆ ಬಂದಾಗ ಬೈಕ್ ತಗೊಂಡು ಹಿಂದೆ ಹೋದ. ಅವನ ಲೆಕ್ಕ ಸುಲಭ. ಪಕ್ಕದ ಮನೆಯ ಅಣ್ಣ ಕಾಂಗ್ರೆಸ್ ಕಾರ್ಯಕರ್ತ, ಅವನದ್ದು ಕಷ್ಟದ ಲೆಕ್ಕ. ಜೆಡಿಎಸ್ ಜೊತೆ ಇಪ್ಪತ್ತೈದು ವರ್ಷ ಬಡಿದಾಡಿ, ಗ್ರಾಮ ಪಂಚಾಯ್ತಿ ಎಲೆಕ್ಷನ್ ಗಲಾಟೇಲಿ ಕೇಸ್ ಹಾಕಿಸ್ಕೊಂಡು ಮದ್ದೂರು ಮಂಡ್ಯ ಕೋರ್ಟ್ ಅಲೆದವನು. ಬೆಂಗಳೂರಲ್ಲಿ ಎರಡು ಪಕ್ಷದ ದೊಡ್ಡವರು ಕೈ ಕೈ ಹಿಡಿದು ಮೇಲೆತ್ತಿ ಫೋಟೋ ತೆಗೆಸ್ಕೊಂಡ್ರು, ನಾಳೆಯಿಂದ ಅವರ ಬಾವುಟ ಹಿಡಿ ಅಂತ ಇವನಿಗೆ ಫೋನ್ ಬಂತು. ನನ್ನ ಕೇಸ್ ಯಾರು ವಾಪಸ್ ತಗೊಳ್ತಾರಣ್ಣ ಅಂತ ಕೇಳಿದ್ನಂತೆ, ಆ ಕಡೆಯಿಂದ ಉತ್ತರ ಬರ್ಲಿಲ್ಲವಂತೆ. ಅವನು ಕಾಂಗ್ರೆಸ್ ಶಾಲು ಹಾಕ್ಕೊಂಡೇ ಪಕ್ಷೇತರ ಕ್ಯಾಂಡಿಡೇಟ್ ಪ್ರಚಾರಕ್ಕೆ ಹೋದ.

ನನ್ನದು ಹೇಳ್ಬೇಕಂದ್ರೆ, ನಿಖಿಲ್ ಅವರ ಮೇಲೆ ನನಗೆ ಸ್ವಂತ ದ್ವೇಷ ಒಂಚೂರೂ ಇರ್ಲಿಲ್ಲ. ಎಲ್ಲಿದ್ದೀಯಪ್ಪಾ ಅಂತ ಜಗತ್ತೆಲ್ಲ ಟ್ರೋಲ್ ಮಾಡಿದ್ದು ಅತಿ ಆಯ್ತು ಅಂತ ಆವಾಗ್ಲೂ ಅನ್ನಿಸಿತ್ತು ಈಗಲೂ ಅನ್ನಿಸುತ್ತೆ, ಒಬ್ಬ ಹುಡುಗನ್ನ ಹಂಗೆ ಮಾಡಬಾರದು. ಆದ್ರೂ ನಾನು ವಿರುದ್ಧವೇ ಹಾಕಿದೆ. ಒಂದೇ ಮನೆಯವರಿಗೆ ಮೂರು ಜಿಲ್ಲೆ ಹಂಚಿಬಿಡೋದು ನನಗೆ ಒಪ್ಪಿಗೆ ಇರ್ಲಿಲ್ಲ, ಅಷ್ಟೇ.

ನೋಡಿ, ಒಂದೇ ಜಗಲಿ ಮೇಲೆ ಕೂತ ಐದು ಜನ, ಒಂದೇ ಗುರುತು, ಐದು ಕಾರಣ. ಒಬ್ಬರಿಗೆ ಕೇಳ್ಲಿಲ್ಲ ಅಂತ ನೋವು, ಒಬ್ಬರಿಗೆ ಹೆಣ್ಣಿಗೆ ಆಡಿದ ಮಾತು, ಒಬ್ಬನಿಗೆ ಅಭಿಮಾನ, ಒಬ್ಬನಿಗೆ ಪಕ್ಷ ಕೈ ಕೊಟ್ಟಿದ್ದು, ನನಗೆ ಕುಟುಂಬ ರಾಜಕಾರಣ. ಸುಮಲತಾ ಅವರು ಎಂಪಿ ಆಗಿ ಏನ್ ಮಾಡ್ತಾರೆ ಅನ್ನೋ ಮಾತು ಆ ಸಾಯಂಕಾಲ ಒಂದು ಸಲವೂ ಬರ್ಲಿಲ್ಲ, ಇದನ್ನ ನಾನು ಹೆಮ್ಮೆಯಿಂದ ಹೇಳ್ತಿಲ್ಲ, ಇದ್ದಿದ್ದು ಇದ್ದಂಗೆ ಹೇಳ್ತಿದ್ದೀನಿ. ಅದೇ ಹೆಸರಿನ ಬೇರೆ ಸುಮಲತಾಗಳೂ ಕಣದಲ್ಲಿದ್ರು, ಮಿಷಿನ್ನಲ್ಲಿ ಜನ ತಬ್ಬಿಬ್ಬಾಗ್ಲಿ ಅಂತಾನೇ ನಿಲ್ಲಿಸಿದ್ದಾರೆ ಅಂತ ಊರಲ್ಲಿ ಎಲ್ಲರೂ ಮಾತಾಡ್ಕೊಂಡ್ರು. ಓದು ಬಾರದ ದೊಡ್ಡವ್ವ ಮೂರು ದಿನ ಮೊಮ್ಮಗಳ ಹತ್ರ ಆ ಗುರುತಿನ ಚಿತ್ರ ನೋಡಿ ನೋಡಿ ಗುರುತು ಹಿಡ್ಕೊಂಡು ಹೋದ್ರು. ಆ ದಿನ ಕ್ಷೇತ್ರದಲ್ಲಿ ಶೇಕಡ 80 ದಾಟಿ ಮತದಾನ ಆಯ್ತು. ಪ್ರೀತಿಗೆ ಇಷ್ಟು ಜನ ಬಿಸಿಲಲ್ಲಿ ನಿಲ್ತಾರೋ ಇಲ್ವೋ ಗೊತ್ತಿಲ್ಲ, ಮನಸ್ಸಿಗೆ ನೋವಾದ್ರೆ ನಿಲ್ತಾರೆ.

ಇದನ್ನ ದ್ವೇಷ ಅನ್ಕೊಂಡವರಿಗೆ ಇನ್ನೊಂದು ನಂಬರ್ ಕೊಡ್ತೀನಿ. 2024ರಲ್ಲಿ ಅದೇ ಮಂಡ್ಯದಲ್ಲಿ ಕುಮಾರಸ್ವಾಮಿಯವರು ಬಿಜೆಪಿ ಮೈತ್ರಿಲಿ ನಿಂತು 2 ಲಕ್ಷದ 84 ಸಾವಿರ ಅಂತರದಲ್ಲಿ ಗೆದ್ರು. ಮಧ್ಯದಲ್ಲಿ 2023ರ ವಿಧಾನಸಭೆಲಿ ಜಿಲ್ಲೆಯ ಏಳು ಸೀಟಲ್ಲಿ ಜೆಡಿಎಸ್‌ಗೆ ಉಳಿದಿದ್ದು ಕೆ.ಆರ್.ಪೇಟೆ ಒಂದೇ. 2018, 2019, 2023, 2024, ಪ್ರತಿ ಸಲ ಅದೇ ಊರು ಅದೇ ಜನ. ದೊಡ್ಡಪ್ಪನ ಮನೆ ಗೋಡೆ ಮೇಲೆ ಗೌಡರ ಫೋಟೋ 2019ರಲ್ಲೂ ಇತ್ತು, ಈಗಲೂ ಇದೆ. ದೊಡ್ಡಪ್ಪ ಯಾವತ್ತೂ ಗೌಡರ ಶತ್ರು ಆಗಿರ್ಲಿಲ್ಲ. ಮನೆಯವರು ಮಾತು ಬಿಟ್ಟಂಗೆ ಒಂದು ಸಲ ಮಾತು ಬಿಟ್ಟಿದ್ರು.

ಗೆದ್ದವರೂ ಇದನ್ನ ತಪ್ಪು ತಿಳ್ಕೊಳ್ತಾರೆ. ವಿರೋಧದಿಂದ ಬಂದ ಓಟು ಐದು ವರ್ಷಕ್ಕೆ ಬರ್ಕೊಟ್ಟ ಪತ್ರ ಅಲ್ಲ. ನಮ್ಮ ರಾಜ್ಯದಲ್ಲಿ 1985ರ ನಂತರ ಒಂದೇ ಒಂದು ಆಡಳಿತ ಪಕ್ಷವೂ ವಿಧಾನಸಭಾ ಎಲೆಕ್ಷನ್ನಲ್ಲಿ ಗೆದ್ದು ವಾಪಸ್ ಅಧಿಕಾರಕ್ಕೆ ಬಂದಿಲ್ಲ. 2013ರಲ್ಲಿ ಬಿಜೆಪಿ 40 ಸೀಟಿಗೆ ಬಂತು, 2023ರಲ್ಲಿ 66ಕ್ಕೆ ಬಂತು, ನಡುವೆ 2018ರಲ್ಲಿ ಕಾಂಗ್ರೆಸ್ 80ರ ಆಸುಪಾಸಿಗೆ ಇಳೀತು. ಪ್ರತಿ ಸಲ ಗೆದ್ದವರು ಇದು ನಮ್ಮ ಅಲೆ ಅಂದ್ರು.

ನಮ್ಮ ತಾತ ಇಂದಿರಾ ಗಾಂಧಿ ವಿಷಯ ಹೇಳೋರು. 1977ರಲ್ಲಿ ಉತ್ತರದ ಕಡೆ ಕಾಂಗ್ರೆಸ್ ಗುಡಿಸಿ ಹಾಕಿದಂಗೆ ಆಯ್ತು, ರಾಯ್‌ಬರೇಲಿಲಿ ಸ್ವತಃ ಇಂದಿರಾ ಅವರೇ ರಾಜ್ ನಾರಾಯಣ್ ಎದುರು 55 ಸಾವಿರ ಓಟಲ್ಲಿ ಸೋತ್ರು. ಅದೇ ಎಲೆಕ್ಷನ್ನಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್‌ಗೆ. ಮಾರನೇ ವರ್ಷ ನವೆಂಬರಲ್ಲಿ ಚಿಕ್ಕಮಗಳೂರಿಗೆ ಬಂದು ನಿಂತ್ರು, ಎದುರಿಗೆ ವೀರೇಂದ್ರ ಪಾಟೀಲರಂಥ ನಮ್ಮದೇ ರಾಜ್ಯದ ಮಾಜಿ ಮುಖ್ಯಮಂತ್ರಿ, ಆದ್ರೂ 70 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ರು. ಎಮರ್ಜೆನ್ಸಿ ಇಡೀ ದೇಶಕ್ಕೇ ಬಂದಿತ್ತು, ಹೆಂಗಸೂ ಅವರೇ, ಪಕ್ಷವೂ ಅದೇ, ಮತ್ತೆ ಯಾಕೆ ಒಂದು ಕಡೆ ಹಂಗೆ ಒಂದು ಕಡೆ ಹಿಂಗೆ? ಅಲ್ಲಿ ನಸಬಂದಿ ಅಂತ ಗಂಡಸರನ್ನ ಹಿಡಿದು ಹಿಡಿದು ಆಪರೇಷನ್ ಮಾಡಿಸಿದ್ರು, ಮನೆಗಳನ್ನ ಕೆಡವಿದ್ರು, ಎಮರ್ಜೆನ್ಸಿ ಜನರ ಮೈ ಮೇಲೇ ಬಿದ್ದಿತ್ತು. ಇಲ್ಲಿ ಅದೇ ಹೊತ್ತಲ್ಲಿ ದೇವರಾಜ ಅರಸು ಅವರ ಭೂಸುಧಾರಣೆಲಿ ಗೇಣಿದಾರರ ಕೈಗೆ ಜಮೀನು ಬರ್ತಿತ್ತು. ನಮ್ಮ ತಾತನಿಗೆ ಒಂದೂವರೆ ಎಕರೆ ಬಂದಿದ್ದು ಆವಾಗ್ಲೇ. ಎಮರ್ಜೆನ್ಸಿ ತಪ್ಪು ಅಂತ ತಾತನಿಗೆ ಗೊತ್ತಿರ್ಲಿಲ್ಲ ಅಂತಲ್ಲ, ಪೇಪರ್ ಓದೋರು, ಬೆಂಗಳೂರು ಜೈಲಲ್ಲಿ ಯಾರ್ಯಾರಿದ್ದಾರೆ ಅಂತ ಗೊತ್ತಿತ್ತು. ಆದ್ರೆ ನಮ್ಮ ಮನೆ ಬಾಗಿಲಿಗೆ ಅವಳ ಕಡೆಯಿಂದ ಬಂದಿದ್ದು ಜಮೀನಿನ ಕಾಗದ, ಹೆಂಗೆ ವಿರುದ್ಧ ಹಾಕ್ಲಿ ಅನ್ನೋರು. ಅದು ಸರೀನಾ ಅಂತ ನಾನು ಇವತ್ತೂ ಯೋಚಿಸ್ತೀನಿ, ಬೇರೆಯವರ ಮನೆಗೆ ಬೆಂಕಿ ಬಿದ್ದಾಗ ನಮ್ಮ ಮನೆ ತಂಪಾಗಿದೆ ಅಂತ ಸುಮ್ನಿರೋದು ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಆದ್ರೆ ಜನ ಓಟ್ ಹಾಕೋದು ಹಂಗೇ. ಭಾಷಣದಲ್ಲಿ ಬಂದ ತಪ್ಪಿಗೆ ಅಲ್ಲ, ಮನೆ ಬಾಗಿಲಿಗೆ ಬಂದ ತಪ್ಪಿಗೆ ವಿರುದ್ಧ ಬೀಳುತ್ತೆ. ರಾಯ್‌ಬರೇಲಿ ಜನ 1980ರಲ್ಲಿ ಅವರನ್ನೇ ವಾಪಸ್ ಗೆಲ್ಲಿಸಿದ್ರು, ಅದನ್ನೂ ನೆನಪಿಡಿ.

ಜನರಿಗೆ ವಿವೇಚನೆ ಇಲ್ಲ ಅನ್ನೋರಿಗೆ 1984-85 ಸಾಕು. ಡಿಸೆಂಬರ್ 84ರಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್‌ಗೆ ಕೊಟ್ಟ ಇದೇ ಕನ್ನಡಿಗರು ಮೂರು ತಿಂಗಳಲ್ಲಿ, ಮಾರ್ಚ್ 85ರಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ರು. ಡೆಲ್ಲಿಗೆ ಯಾರು, ವಿಧಾನಸೌಧಕ್ಕೆ ಯಾರು ಅಂತ ಬೇರೆ ಬೇರೆ ಮಾಡಿ ನೋಡೋಕೆ ಬಂತು.

ಇನ್ನು ಹೇಳೋಕೆ ಮನಸ್ಸಿಲ್ಲದ ಭಾಗ. ವಿರೋಧದ ಓಟೆಲ್ಲ ಸ್ವಾಭಿಮಾನದ ಓಟು ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ನಮ್ಮೂರಲ್ಲೇ ಒಂದು ಪಂಚಾಯ್ತಿ ಎಲೆಕ್ಷನ್ನಲ್ಲಿ ಓದಿಕೊಂಡಿದ್ದ, ಕೆಲಸ ಮಾಡ್ತಿದ್ದ ಒಬ್ಬ ಹುಡುಗ ಜನರಲ್ ಸೀಟಲ್ಲಿ ನಿಂತ, ರಿಸರ್ವೇಷನ್ ಸೀಟ್ ಬಿಟ್ಟು ಇಲ್ಲಿ ಯಾಕೆ ನಿಂತ ಅಂತ ಒಂದೇ ಕಾರಣಕ್ಕೆ ಮೇಲಿನ ಕೇರಿಯವರು ಒಂದಾಗಿ ಸೋಲಿಸಿದ್ರು. ನಮ್ಮ ಮನೆ ಓಟೂ ಅದರಲ್ಲಿತ್ತು. ಆವಾಗ ನನಗೆ ಓಟಿನ ವಯಸ್ಸಾಗಿರ್ಲಿಲ್ಲ, ಆದ್ರೂ ಆ ಹುಡುಗ ಇವತ್ತು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ ನಕ್ಕರೆ ನನಗೆ ಮುಖ ಕೊಡೋಕಾಗಲ್ಲ. ಅವನು ಏನೂ ತಪ್ಪು ಮಾಡಿರ್ಲಿಲ್ಲ. ಹುಟ್ಟಿದ ಜಾತಿಗೋ ಧರ್ಮಕ್ಕೋ ಒಬ್ಬರ ವಿರುದ್ಧ ಓಟ್ ಹಾಕೋದು ಬೇರೆ, ಅವರು ನಡ್ಕೊಂಡಿದ್ದಕ್ಕೆ ಹಾಕೋದು ಬೇರೆ, ಎಣಿಸುವಾಗ ಎರಡೂ ಒಂದೇ ಥರ ಕಾಣುತ್ತೆ.

ಇದನ್ನ ನೀವೂ ಬೆಳೆಸ್ತೀರ, ದಯವಿಟ್ಟು ಇಲ್ಲ ಅನ್ಬೇಡಿ. ನಾವೇನ್ ಮಾಡ್ತೀವಿ ಅಂತ ಹೇಳೋದಕ್ಕಿಂತ, ನಮಗೆ ಹಾಕ್ದಿದ್ರೆ ಅವರು ಬಂದ್ಬಿಡ್ತಾರೆ ಅಂತ ಹೆದರಿಸೋದು ಸುಲಭ ಆಗಿದೆ ನಿಮಗೆ. ಮಂಗಳೂರು ಕಡೆಯ ನನ್ನ ಫ್ರೆಂಡ್ ಒಬ್ಬ ಆಫೀಸಲ್ಲಿ ನನ್ನ ಜೊತೆ ಕೆಲಸ ಮಾಡ್ತಾನೆ, ಮುಸ್ಲಿಂ ಹುಡುಗ. ಒಂದಿನ ಊಟಕ್ಕೆ ಕೂತಾಗ ಹೇಳಿದ, ನಾನು ಓಟ್ ಹಾಕೋಕೆ ಶುರು ಮಾಡಿದಾಗಿಂದ ಪ್ರತಿ ಸಲ ಒಬ್ಬರನ್ನ ತಡೆಯೋಕೆ ಅಂತಲೇ ಹಾಕಿದ್ದೀನಿ ಮಾರಾಯ, ನಾನು ಯಾರಿಗೆ ಹಾಕ್ತೀನೋ ಅವರಿಗೂ ಅದು ಗೊತ್ತು, ಹಾಗಾಗಿ ನಮ್ಮ ಏರಿಯಾದ ಚರಂಡಿ ರಿಪೇರಿಗೆ ಹೋದ್ರೆ ಅವರು ಕೂತ್ಕೊಳ್ಳಿ ಅಂತಲೂ ಹೇಳಲ್ಲ, ಎಲ್ಲಿಗೆ ಹೋಗ್ತಾನೆ ಇವನು ಅಂತ. ದೊಡ್ಡಪ್ಪ ಹೇಳಿದ್ದೂ ಇದೇ ಮಾತಲ್ವಾ? ನಮ್ ಓಟು ಆಗ್ಲೇ ಪೆಟ್ಗೇಲಿ ಅದೆ ಅನ್ಕಂಡವ್ರೆ. ದೊಡ್ಡಪ್ಪನಿಗೆ ಹೋಗೋಕೆ ಇನ್ನೊಂದು ಜಾಗ ಇತ್ತು, ನನ್ನ ಫ್ರೆಂಡಿಗೆ ಇಲ್ಲ. ವ್ಯತ್ಯಾಸ ಅಷ್ಟೇ. ಅದೇ ಕರಾವಳಿಯ ಪುತ್ತೂರಲ್ಲಿ 2023ರಲ್ಲಿ ಬಿಜೆಪಿ ಕಾರ್ಯಕರ್ತರೇ ಟಿಕೆಟ್ ವಿಷಯಕ್ಕೆ ಸಿಟ್ಟಾಗಿ ಪಕ್ಷೇತರ ಅರುಣ್ ಕುಮಾರ್ ಪುತ್ತಿಲ ಅವರ ಹಿಂದೆ ನಿಂತ್ರು, ಅವರಿಗೆ 60 ಸಾವಿರಕ್ಕೂ ಮೇಲೆ ಓಟ್ ಬಿತ್ತು, ಬಿಜೆಪಿಯ ಅಧಿಕೃತ ಕ್ಯಾಂಡಿಡೇಟ್ ಮೂರನೇ ಜಾಗಕ್ಕೆ ಹೋದ್ರು, ಕಾಂಗ್ರೆಸ್ ಗೆಲ್ತು. ಅಲ್ಲೂ ಕಾರ್ಯಕರ್ತರು ಹೇಳಿದ್ದು ನಮ್ಮನ್ನ ಕೇಳ್ಲಿಲ್ಲ ಅಂತಲೇ.

ಇಬ್ಬರೂ ಬೇಡ ಅನ್ನೋರಿಗೆ ನೋಟಾ ಇದೆಯಲ್ಲ ಅಂತ ನೀವು ಹೇಳಬಹುದು. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ಕ್ಕೆ ತೀರ್ಪು ಕೊಟ್ಟು ಮಿಷಿನ್ನಲ್ಲಿ ಕೊನೇ ಬಟನ್ ಆಗಿ ಬಂತು, ಒಳ್ಳೇದೇ ಆಯ್ತು. ಆದ್ರೆ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ರೂ ಅದರ ನಂತರ ಇರೋ ಕ್ಯಾಂಡಿಡೇಟೇ ಗೆದ್ದಂಗೆ. 2024ರಲ್ಲಿ ಇಂದೋರಲ್ಲಿ ಕಾಂಗ್ರೆಸ್ ಕ್ಯಾಂಡಿಡೇಟ್ ನಾಮಪತ್ರ ವಾಪಸ್ ತಗೊಂಡ್ಮೇಲೆ 2 ಲಕ್ಷದ 18 ಸಾವಿರ ಜನ ನೋಟಾ ಒತ್ತಿದ್ರು, ಏನೂ ಬದಲಾಗ್ಲಿಲ್ಲ. ನೋಟಾ ಇಲ್ಲದ ಕಾಲದಲ್ಲಿ, 1996ರಲ್ಲಿ, ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ರೈತರು ಪ್ರತಿಭಟನೆ ಅಂತ ನಾಮಪತ್ರ ಹಾಕಿ ಹಾಕಿ 456 ಜನ ಕಣದಲ್ಲಿದ್ರು. ಸರ್ಕಾರ ಅವರ ಕಷ್ಟ ಏನಂತ ಕೇಳೋ ಬದಲು ಡೆಪಾಸಿಟ್ಟನ್ನ 500 ರೂಪಾಯಿಂದ 10 ಸಾವಿರಕ್ಕೆ ಏರಿಸ್ತು. ಅದಕ್ಕೇ ಜನ ನೋಟಾ ಒತ್ತಲ್ಲ, ಸೋಲಿಸ್ಬೇಕಾದವರ ಎದುರಿಗೆ ಯಾರು ಗಟ್ಟಿ ಇದ್ದಾರೋ ಅವರಿಗೆ ಒತ್ತುತ್ತಾರೆ. ಒಂದೊಂದು ಓಟಿನ ಬೆಲೆ ನಿಮಗೇ ಚೆನ್ನಾಗಿ ಗೊತ್ತು, 2004ರಲ್ಲಿ ಸಂತೇಮರಹಳ್ಳಿ ಫಲಿತಾಂಶ ಒಂದೇ ಓಟಲ್ಲಿ ಆಯ್ತು, 2023ರಲ್ಲಿ ಜಯನಗರ 16 ಓಟಲ್ಲಿ.

ಈಗ ನಾನು ನಿಜವಾಗಿ ಕೇಳ್ಬೇಕು ಅಂತಿರೋ ವಿಷಯ. ವಿರುದ್ಧ ಓಟ್ ಹಾಕಿದ್ದಕ್ಕೆ ನಮ್ಮೂರಿಗೆ ಶಿಕ್ಷೆ ಆಗಿದೆ. ಯಾವ ಪಕ್ಷ ಯಾವ ವರ್ಷ ಅಂತ ಬರೆಯಲ್ಲ, ಅವರೊಬ್ಬರದ್ದೇ ತಪ್ಪು ಅಂತ ಆಗೋದು ಬೇಡ, ಎಲ್ಲರೂ ಮಾಡೋದು ಇದೇ. ನಮ್ಮೂರಿಂದ ಮೇನ್ ರೋಡಿಗೆ ಇರೋ ಎರಡೂವರೆ ಕಿಲೋಮೀಟರ್ ರಸ್ತೆ ಹಾಳಾಗಿ ಕಬ್ಬಿನ ಗಾಡಿ ಹೂತ್ಕೊಳ್ತಿತ್ತು, ಊರಿನ ಹತ್ತು ಜನ ಮುಖಂಡರೊಬ್ಬರ ಹತ್ರ ಹೋದ್ವಿ, ನಾನೂ ರಜಾ ಹಾಕಿ ಹೋಗಿದ್ದೆ. ಅವರು ಡ್ರಾಯರಿಂದ ಒಂದು ಪೇಪರ್ ತೆಗೆದು ಬೆರಳಿಟ್ಟು ತೋರಿಸಿ ಹೇಳಿದ್ರು, ನಿಮ್ಮ ಬೂತಲ್ಲಿ ನನಗೆ ಲೀಡ್ ಕೊಟ್ಟಿಲ್ಲ, ಕೊಟ್ಟಿರೋ ಊರುಗಳು ಮೊದಲು. ಆ ಹತ್ತು ಜನರಲ್ಲಿ ಅವರಿಗೇ ಓಟ್ ಹಾಕಿದವರೂ ಮೂರ್ನಾಲ್ಕು ಜನ ಇದ್ರು, ತಲೆ ತಗ್ಗಿಸ್ಕೊಂಡು ಎದ್ದು ಬಂದ್ವಿ. ಆ ವರ್ಷ ಮಳೆಗಾಲದಲ್ಲಿ ಒಬ್ಬಳು ಬಸುರಿ ಹೆಣ್ಣುಮಗಳನ್ನ ಟ್ರ್ಯಾಕ್ಟರಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೋಗ್ಬೇಕಾಯ್ತು, ಆಂಬ್ಯುಲೆನ್ಸ್ ಒಳಗೆ ಬರೋಕಾಗ್ಲಿಲ್ಲ.

ಆ ಪೇಪರ್ರು ಫಾರ್ಮ್ 20, ಬೂತ್ ವಾರು ಲೆಕ್ಕ, ಯಾರು ಬೇಕಾದ್ರೂ ನೋಡಬಹುದು. ನಾನು ಯಾರಿಗೆ ಹಾಕಿದೆ ಅನ್ನೋದು ಗುಟ್ಟು, ಆದ್ರೆ ನಮ್ಮೂರು ಯಾರಿಗೆ ಹಾಕ್ತು ಅನ್ನೋದು ಗುಟ್ಟಲ್ಲ. ಬ್ಯಾಲೆಟ್ ಪೇಪರ್ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿ ಕಲೆಸಿ ಎಣಿಸೋಕೆ ನಿಯಮ ಇತ್ತು, ಮಿಷಿನ್ ಬಂದ್ಮೇಲೆ ಒಂದೊಂದು ಬೂತೂ ಬೇರೆ ಬೇರೆ ಬಯಲಾಯ್ತು. ಇದಕ್ಕೆ ಮದ್ದು ಇಲ್ಲ ಅಂತೇನಿಲ್ಲ. ಟೋಟಲೈಸರ್ ಅಂತ ಒಂದು ಸಾಧನ ಇದೆ, ಹಲವಾರು ಮಿಷಿನ್ ಒಟ್ಟಿಗೆ ಜೋಡಿಸಿ ಒಟ್ಟು ಲೆಕ್ಕ ಮಾತ್ರ ಕೊಡುತ್ತೆ. ಚುನಾವಣಾ ಆಯೋಗವೇ 2008ರಲ್ಲಿ ಇದನ್ನ ತರೋಣ ಅಂತ ಕೇಂದ್ರಕ್ಕೆ ಬರೀತು, ಕಾನೂನು ಆಯೋಗ 2015ರ ತನ್ನ 255ನೇ ವರದಿಲಿ ಹೌದು ತನ್ನಿ ಅಂತು. ಸರ್ಕಾರ ಒಪ್ಲಿಲ್ಲ. ಬೂತ್ ವಾರು ಲೆಕ್ಕ ಗೊತ್ತಾದ್ರೆ ಎಲ್ಲಿ ಇನ್ನೂ ಕೆಲಸ ಮಾಡ್ಬೇಕು ಅಂತ ಕ್ಯಾಂಡಿಡೇಟಿಗೆ ತಿಳಿಯುತ್ತೆ ಅನ್ನೋದು ಅವರ ವಾದ. ನಮ್ಮೂರ ರಸ್ತೆಗೆ ಆ ಲೆಕ್ಕ ಯಾವ ಕೆಲಸಕ್ಕೆ ಬಂತು ಅಂತ ಮೇಲೆ ಬರೆದಿದ್ದೀನಿ. ನೀವು ಎಲ್ಲ ಪಕ್ಷದವರೂ ಒಂದಾಗಿ ಒಂದು ಪತ್ರ ಬರೆದ್ರೆ ಇದು ಬರುತ್ತೆ. ಶಾಸಕರ ಸಂಬಳ ಜಾಸ್ತಿ ಮಾಡುವಾಗ ಒಂದಾಗೋಕೆ ಆಗುತ್ತೆ, ಇದಕ್ಕೂ ಒಂದಾಗಿ.

ಇನ್ನೊಂದು, ಟಿಕೆಟ್ ಕೊಡೋ ಮುಂಚೆ ಊರಿಗೆ ಬನ್ನಿ. ಸರ್ವೇ ಮಾಡಿಸಿದ್ದೀವಿ ಅಂತೀರ, ಟ್ಯಾಬ್ ಹಿಡ್ಕೊಂಡು ಬರೋ ಹುಡುಗ್ರು ಯಾರಿಗೆ ಹಾಕ್ತೀರ ಅಂತ ಮಾತ್ರ ಕೇಳ್ತಾರೆ, ಯಾರು ಬೇಡ ಯಾಕೆ ಬೇಡ ಅಂತ ಕೇಳಿದ ಒಬ್ಬನೂ ನಮ್ಮೂರಿಗೆ ಬಂದಿಲ್ಲ. ಕೇಳಿದ್ರೆ ಜನ ಹೇಳ್ತಾರೆ, ನಮ್ಮವರು ಬಾಯಿ ಬಿಟ್ಟು ಹೇಳೋ ಜನ. ಎದುರಾಳಿ ಬಗ್ಗೆ ಮಾತಾಡುವಾಗ ಅವರ ಮನೆ ಹೆಂಗಸರು, ಅವರ ಸಾವು ನೋವು, ಅವರ ಜಾತಿ ಬಿಡಿ. ನಿಮ್ಮ ಮಾತು ಅವರಿಗೆ ತಾಕುತ್ತೋ ಇಲ್ವೋ, ನಮ್ಮ ಮನೆಗಳಲ್ಲಿ ಯಾರಿಗೋ ತಾಕಿರುತ್ತೆ. ಸೋತ್ಮೇಲೆ ಜನ ದುಡ್ಡು ತಗೊಂಡು ಮೋಸ ಮಾಡಿದ್ರು ಅಂತ ದಯವಿಟ್ಟು ಹೇಳ್ಬೇಡಿ. ದುಡ್ಡು ಹಂಚಿದವರು ನೀವೇ, ಎಲ್ಲ ಕಡೆಯವರೂ, ನಮ್ಮಲ್ಲಿ ತಗೊಂಡವರೂ ಇದ್ದಾರೆ, ಅದು ತಪ್ಪೇ. ಆದ್ರೆ ಎರಡೂ ಕಡೆ ತಗೊಂಡು ಒಂದೇ ಕಡೆ ಹಾಕಿದ ಅಂದ್ರೆ ಅವನ ಓಟು ದುಡ್ಡಿಂದ ಬಂದಿಲ್ಲ ಅಂತ ತಾನೆ ಅರ್ಥ.

2019ರ ರಿಸಲ್ಟ್ ಆದ ಮೇಲೆ ಒಂದು ತಿಂಗಳು ನಮ್ಮೂರಿಗೆ ಜೆಡಿಎಸ್ ಕಡೆಯವರು ಯಾರೂ ಕಾಲಿಡ್ಲಿಲ್ಲ. ಆಮೇಲೆ ಒಂದಿನ ಹೋಬಳಿ ಮಟ್ಟದ ಕಾರ್ಯಕರ್ತರೊಬ್ಬರು ಸ್ಕೂಟರಲ್ಲಿ ಒಬ್ಬರೇ ಬಂದ್ರಂತೆ, ವಯಸ್ಸಾದವರು. ಶಾಲು ಇಲ್ಲ, ಹಿಂದೆ ಮುಂದೆ ಜನ ಇಲ್ಲ. ನೇರ ದೊಡ್ಡಪ್ಪನ ಜಗಲಿ ಮೇಲೆ ಕೂತು, "ನೀವೂ ಹಾಕ್ನಿಲ್ಲ ಅಂತ ಗೊತ್ತು ಗೌಡ್ರೆ, ಬೈಯಕೆ ಬಂದಿಲ್ಲ, ಏನ್ ತಪ್ ಮಾಡುದೊ ಹೇಳಿ" ಅಂದ್ರಂತೆ. ದೊಡ್ಡಪ್ಪ ಒಂದು ಗಂಟೆ ಮಾತಾಡಿದ್ರಂತೆ, ಮಧ್ಯ ದೊಡ್ಡವ್ವ ಒಳಗಿಂದ ಬಂದು ತಾಳಿ ವಿಷಯನೂ ಹೇಳಿದ್ರಂತೆ. ಅವರು ಒಂದಕ್ಕೂ ಎದುರು ಮಾತಾಡ್ಲಿಲ್ಲವಂತೆ, ಮುದ್ದೆ ಸೊಪ್ಪಿನ ಸಾರು ಉಂಡ್ಕೊಂಡು ಹೋದ್ರಂತೆ. ಫೋನಲ್ಲಿ ಇದನ್ನ ನನಗೆ ಹೇಳುವಾಗ ದೊಡ್ಡಪ್ಪನ ಗಂಟಲು ತುಂಬಿ ಬಂದಿತ್ತು. 2024ರಲ್ಲಿ ಯಾರಿಗೆ ಹಾಕಿದ್ರಿ ಅಂತ ನಾನು ಕೇಳ್ಲಿಲ್ಲ, ಆ ಕಾರ್ಯಕರ್ತರು ಓಟಿನ ದಿನ ಬೆಳಿಗ್ಗೆ ಏಳಕ್ಕೇ ಬಂದು ದೊಡ್ಡಪ್ಪ ದೊಡ್ಡವ್ವ ಇಬ್ಬರನ್ನೂ ಬೂತ್ ಹತ್ರ ಮಾತಾಡಿಸ್ಕೊಂಡು ನಿಂತಿದ್ದನ್ನ ಮಾತ್ರ ನೋಡಿದೆ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಮತದಾರ